ಸ್ಟೀವಿ ವಂಡರ್ ‘ಟಾಕಿಂಗ್ ಬುಕ್’ ಎಲ್‌ಪಿ: ಎರಡನೇ ಸೈಡಿಗಾಗಿಯೇ ತಗೊಳ್ಳಿ

ಅಮೆರಿಕದ ಗಾಯಕ ಸ್ಟೀವಿ ವಂಡರ್ ಅವರ 1972ರ ಆಲ್ಬಮ್ ‘ಟಾಕಿಂಗ್ ಬುಕ್’ನ ಈ ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ತಗೊಳ್ಳಬೇಕಾ ಬೇಡ್ವಾ ಅಂತ ಯೋಚಿಸುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ತಗೊಳ್ಳಿ. ‘ಸೂಪರ್‌ಸ್ಟಿಷನ್’ ಒಂದೇ ಹಾಡಿಗೆ ಕೊಟ್ಟ ದುಡ್ಡು ಸಾರ್ಥಕ. ಅದು ಎರಡನೇ ಸೈಡಿನ ಮೊದಲ ಹಾಡು. ಸೂಜಿ ಇಟ್ಟ ಕೂಡಲೇ ಬರೀ ಡ್ರಮ್ಸ್, ಅದರ ಹಿಂದೆಯೇ ಆ ಕ್ಲಾವಿನೆಟ್. ಮೊಬೈಲಿನಲ್ಲಿ ಕೇಳಿದವರು ಒಮ್ಮೆ ಒಳ್ಳೆ ಸ್ಪೀಕರಿನಲ್ಲಿ ಕೇಳಲೇಬೇಕು.

ಮೊದಲ ಸಲ ಕೇಳುವವರು ಆ ಕ್ಲಾವಿನೆಟ್ ಸದ್ದನ್ನು ಗಿಟಾರ್ ಅಂದುಕೊಳ್ಳುತ್ತಾರೆ. ಅಲ್ಲ, ಅದು ಹೋನರ್ ಕಂಪನಿಯ ಕೀಬೋರ್ಡ್. ಕೀ ಒತ್ತಿದರೆ ಒಳಗೆ ರಬ್ಬರ್ ತುದಿಯೊಂದು ತಂತಿಗೆ ಬಡಿಯುತ್ತದೆ, ಆ ಕಂಪನವನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ಇರುವಂಥದೇ ಪಿಕಪ್ ಹಿಡಿದು ಆಂಪ್ಲಿಫೈಯರಿಗೆ ಕಳಿಸುತ್ತದೆ. ಸ್ಟೀವಿ ಅದನ್ನು ಒಂದು ಸಲ ನುಡಿಸಿ ಬಿಡಲಿಲ್ಲ. ಬೇರೆ ಬೇರೆಯಾಗಿ ನುಡಿಸಿ, ರೆಕಾರ್ಡ್ ಮಾಡಿ, ಒಂದರ ಮೇಲೊಂದು ಸೇರಿಸಿದ್ದಾರೆ. ಹೆಡ್‌ಫೋನ್ ಹಾಕಿಕೊಂಡರೆ ಎಡಗಿವಿಗೆ ಒಂದು, ಬಲಗಿವಿಗೆ ಇನ್ನೊಂದು ಕೇಳುತ್ತದೆ, ಒಂದು ಬಿಟ್ಟ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಡ್ರಮ್ಸೂ ಅವರದೇ. ಬಾಸ್ ಕೂಡ ಅವರದೇ, ಮೂಗ್ ಕಂಪನಿಯ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದಲ್ಲಿ. ಉಳಿದದ್ದು ಸ್ಟೀವ್ ಮಡಾಯೊ ಅವರ ಟ್ರಂಪೆಟ್, ಟ್ರೆವರ್ ಲಾರೆನ್ಸ್ ಅವರ ಸ್ಯಾಕ್ಸೊಫೋನ್. ಆಗ ಸ್ಟೀವಿಗೆ 22 ವರ್ಷ!

ಹಾಡು ಹುಟ್ಟಿದ್ದು 1972ರಲ್ಲಿ, ನ್ಯೂಯಾರ್ಕಿನಲ್ಲಿ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಟ್ಟಿಸಿದ್ದ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋದಲ್ಲಿ. ಗಿಟಾರ್ ವಾದಕ ಜೆಫ್ ಬೆಕ್ ಈ ಆಲ್ಬಮ್ಮಿಗೆ ನುಡಿಸಲು ಬಂದಿದ್ದರು, ಅದಕ್ಕೆ ಪ್ರತಿಯಾಗಿ ಸ್ಟೀವಿ ಅವರಿಗೊಂದು ಹಾಡು ಮಾಡಿಕೊಡಬೇಕು ಅಂತ ಮಾತಾಗಿತ್ತು. ಬೆಕ್ ಸುಮ್ನೆ ಡ್ರಮ್ಸ್ ಮುಂದೆ ಕೂತು ಏನೋ ಬಾರಿಸುತ್ತಿದ್ದಾಗ ಸ್ಟೀವಿ ಬಂದು, ನಿಲ್ಲಿಸಬೇಡ ಅಂತ ಹೇಳಿ ಅದರ ಮೇಲೆ ಈ ರಿಫ್ (ಮತ್ತೆ ಮತ್ತೆ ಬರುವ ಪುಟ್ಟ ರಾಗದ ತುಣುಕು) ಕಟ್ಟಿದರು ಅನ್ನುವುದು ಬೆಕ್ ಹೇಳುತ್ತಿದ್ದ ಕಥೆ. ಹಾಡು ಬೆಕ್‌ಗೇ ಹೋಗಬೇಕಿತ್ತು. ಆದರೆ ಅವರ ತಂಡದ ಆಲ್ಬಮ್ ತಡವಾಯಿತು, ಇತ್ತ ಸ್ಟೀವಿಯ ರೆಕಾರ್ಡ್ ಕಂಪನಿ ಮೋಟೌನ್‌ನ ಬೆರ್ರಿ ಗಾರ್ಡಿಗೆ ಇದು ಹಿಟ್ ಆಗುತ್ತದೆ ಅಂತ ಗೊತ್ತಾಗಿಹೋಯಿತು. ಸ್ಟೀವಿ ಹಾಡಿದ್ದೇ ಅಕ್ಟೋಬರಿನಲ್ಲಿ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಆಗಿ ಬಂತು. ಬೆಕ್‌ಗೆ ಬೇಜಾರಾಗಿದ್ದು ಸಹಜ ಅಲ್ವಾ? ಬೆಕ್, ಬೊಗರ್ಟ್ ಮತ್ತು ಅಪೀಸ್ ತಂಡದ ‘ಸೂಪರ್‌ಸ್ಟಿಷನ್’ 1973ರಲ್ಲಿ ಬಂತು, ಅದನ್ನೂ ಕೇಳಿ. ಗಿಟಾರ್ ಜೋರಾಗಿದೆ, ಆದರೆ ಎಲ್ಲರೂ ಎಲ್ಲ ಕಡೆ ತುಂಬಿಕೊಂಡಿದ್ದಾರೆ. ಸ್ಟೀವಿ ನುಡಿಸದೆ ಬಿಟ್ಟ ಜಾಗಗಳಲ್ಲೇ ಕಾಲು ಕುಣಿಯುವುದು.

1973ರ ಜನವರಿ ಕೊನೆಗೆ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 1ನೇ ಸ್ಥಾನಕ್ಕೆ ಏರಿತು. ಸೋಲ್ ಸಂಗೀತದ ಪಟ್ಟಿಯಲ್ಲೂ 1, ಬ್ರಿಟನ್ನಿನಲ್ಲಿ 11. ಹಾಟ್ 100ರಲ್ಲಿ ಅವರು ಹಿಂದೊಮ್ಮೆ ಮೊದಲ ಸ್ಥಾನ ಪಡೆದದ್ದು 1963ರಲ್ಲಿ, 13ರ ಹುಡುಗನಾಗಿದ್ದಾಗ, ‘ಫಿಂಗರ್‌ಟಿಪ್ಸ್’ ಹಾಡಿಗೆ. 1972ರಲ್ಲಿ ಅಮೆರಿಕದಲ್ಲಿ ರೋಲಿಂಗ್ ಸ್ಟೋನ್ಸ್ ರಾಕ್ ತಂಡದ ಕಾರ್ಯಕ್ರಮಗಳಿಗೆ ಮುಂಚೆ ಇವರೇ ಹಾಡುತ್ತಿದ್ದರು, ಆ ರಾಕ್ ಕೇಳುಗರೂ ಈ ಹಾಡಿಗೆ ಒಲಿದರು ಅಂತ ನನಗನಿಸುತ್ತದೆ. ಎರಡು ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಉಳಿದ ಹಾಡುಗಳಲ್ಲಿ ‘ಯು ಆರ್ ದ ಸನ್‌ಶೈನ್ ಆಫ್ ಮೈ ಲೈಫ್’ ಕೂಡ 1973ರಲ್ಲೇ ನಂಬರ್ ಒನ್. ‘ಮೇಬಿ ಯುವರ್ ಬೇಬಿ’ ನನಗೆ ಸ್ವಲ್ಪ ಉದ್ದ ಅನಿಸಿತು. ಬೆಕ್ ಗಿಟಾರ್ ಬೇಕಿದ್ದರೆ ‘ಲುಕಿನ್ ಫಾರ್ ಅನದರ್ ಪ್ಯೂರ್ ಲವ್’ ಕೇಳಿ, ಮೃದುವಾಗಿ ಎಷ್ಟು ಚೆನ್ನಾಗಿ ನುಡಿಸಿದ್ದಾರೆ.

ಒಂದು ಬೇಸರ. 1972ರ ಮೊದಲ ಮುದ್ರಣದ ಕವರ್ ಮೇಲೆ ಬ್ರೈಲ್ ಲಿಪಿಯ ಉಬ್ಬು ಅಕ್ಷರಗಳಿದ್ದವು, ನನಗೆ ಸಿಕ್ಕ ಹೊಸ ಪ್ರತಿಯಲ್ಲಿ ಇಲ್ಲ. ಕಣ್ಣು ಕಾಣದ ಕಲಾವಿದರ ಆಲ್ಬಮ್ಮಿನಲ್ಲಿ ಅದನ್ನು ಬಿಡಬಾರದಿತ್ತು. ಹಳೇ ಪ್ರತಿ ಸಿಕ್ಕಿದರೆ ಕೊಳ್ಳುವ ಮುಂಚೆ ಎರಡನೇ ಸೈಡಿನ ಹೊರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಎಲ್ಲರೂ ಮತ್ತೆ ಮತ್ತೆ ಸೂಜಿ ಇಡುವುದು ಅಲ್ಲೇ, ಶುರುವಿನಲ್ಲಿ ಬರೀ ಡ್ರಮ್ಸ್ ಇರುವುದರಿಂದ ಗೀರಿದ್ದರೆ ಚಟಪಟ ಸದ್ದು ಜಾಸ್ತಿ ಕೇಳುತ್ತದೆ.