ಅವ್ವನ ಫೋನಿಗೆ ಶುಗರ್ ಆ್ಯಪ್

ಧಾರವಾಡದಲ್ಲಿರುವ ಅವ್ವನ ಫೋನಿಗೆ ಶುಗರ್ ಬರೆದಿಡುವ ಆ್ಯಪ್ ಹಾಕಿಕೊಟ್ಟೆ. ತೆರೆದ ಕೂಡಲೇ ಲೊಕೇಶನ್, ಕಾಂಟ್ಯಾಕ್ಟ್ಸ್ ಎಲ್ಲಾ ಕೇಳಿತು. ಶುಗರ್ ಬರೆಯೋಕೆ ಕಾಂಟ್ಯಾಕ್ಟ್ಸ್ ಯಾಕೆ? ‘ಬೇಡ’ ಒತ್ತಿದರೆ ಮುಂದಕ್ಕೇ ಹೋಗಲಿಲ್ಲ. ಅವ್ವ ಹೆದರಿ ಫೋನ್ ನನ್ನ ಕೈಗೇ ಕೊಟ್ಟಳು.

ಅದನ್ನು ತೆಗೆದು ಇನ್ನೊಂದು ಹಾಕಿದೆ. ಅದು ಮೊದಲು ಕೇಳಿದ್ದು ಭಾಷೆ. ಆಮೇಲೆ ಒಂದೇ ಪ್ರಶ್ನೆ: ಊಟಕ್ಕೆ ಮುಂಚಿನ ಶುಗರಾ, ಊಟ ಆದಮೇಲಿನದಾ? ವಯಸ್ಸು ಕೇಳುವಾಗ, ಯಾಕೆ ಬೇಕು ಅಂತ ಕೆಳಗೇ ಒಂದು ಸಾಲು ಕನ್ನಡದಲ್ಲಿತ್ತು. ಅವ್ವ ಕನ್ನಡಕ ಏರಿಸಿಕೊಂಡು ತಾನೇ 142 ಅಂತ ಬರೆದಳು. ನನಗೆ ಅಷ್ಟೇ ಸಾಕಿತ್ತು. ಆದರೆ ಅದರ ಊಟದ ಪಟ್ಟಿಯಲ್ಲಿ ಓಟ್ಸ್ ಇದೆ, ಜೋಳದ ರೊಟ್ಟಿ ಇಲ್ಲ.

ನಮ್ಮ ಮಾಹಿತಿ ಬಳಸೋಕೆ ಒಪ್ಪಿಗೆ ಕೇಳುವ ಪುಟ ಮಾತ್ರ ಇಂಗ್ಲಿಷ್. ಅದನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲೂ ಓದುವಂತಿರಬೇಕು ಅನ್ನುತ್ತೆ 2023ರ ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆ. ಕನ್ನಡವೂ ಅದರಲ್ಲಿದೆ ಅಲ್ವಾ? ಆ್ಯಪ್ ಮಾಡಿದವರಿಗೆ ಬರೆದು ಕೇಳಿದ್ದೇನೆ.