ಕಕ್ಕಬ್ಬೆಯ ಹೋಂಸ್ಟೇ: ಮೂರು ದಿನದ ಮಳೆ, ಎರಡು ಬಟ್ಟಲು ಮದ್ದಿನ ಪಾಯಸ

ಗದಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದವನು ನಾನು. ‘ತಡಿಯಂಡಮೋಳ್, ಕೊಡಗಿನ ಅತಿ ಎತ್ತರದ ಬೆಟ್ಟ, 1748 ಮೀಟರ್’ ಎಂದು ಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ನಿವೃತ್ತನಾದ ಮೇಲೆ, ಕಳೆದ ಆಗಸ್ಟ್ ಮೊದಲ ವಾರದಲ್ಲಿ ಹೆಂಡತಿಯನ್ನು ಕರೆದುಕೊಂಡು ಹೋಗಿ ಅದೇ ಬೆಟ್ಟದ ಬುಡದ ಕಕ್ಕಬ್ಬೆಯ ಹೋಂಸ್ಟೇಯಲ್ಲಿ ಮೂರು ರಾತ್ರಿ ಉಳಿದೆ. ಬೆಟ್ಟ ಒಮ್ಮೆಯೂ ಕಾಣಿಸಲಿಲ್ಲ. ಮಂಜು ಮನೆಯವರ ತಪ್ಪಲ್ಲವಾದ್ದರಿಂದ ಅದಕ್ಕೆ ಅಂಕ ಕಳೆದಿಲ್ಲ.

ಕಳೆಯುವುದಕ್ಕೆ ಬೇರೆ ಕಾರಣಗಳಿವೆ. ‘ಮನೆಯವರೆಗೂ ರಸ್ತೆ ಇದೆ’ ಎಂದು ಫೋನಿನಲ್ಲಿ ಹೇಳಿದ್ದರು. ಇದೆ, ಆದರೆ ಜೀಪಿಗೆ ಮಾತ್ರ. ಆ ಎರಡು ಕಿಲೋಮೀಟರಿಗೆ ಆರು ನೂರು ರೂಪಾಯಿ ಎಂಬುದು ಜೀಪು ಇಳಿದ ಮೇಲೆ ಗೊತ್ತಾಯಿತು. ಮಹಡಿಯ ಕೊಠಡಿಯ ಹೊದಿಕೆಗಳು ಹಿಂಡಿದರೆ ನೀರು ಬರುವ ಹಾಗಿದ್ದವು. ವಿದ್ಯುತ್ ಹೋದರೆ ಇನ್ವರ್ಟರ್ ಬೆಳಕು ಕೆಳಗಿನ ಮನೆಗಷ್ಟೇ. ನಮ್ಮ ಕಡೆ ವರ್ಷವಿಡೀ ಸುರಿದರೂ 600 ಮಿಲಿಮೀಟರ್ ಆಸುಪಾಸು. ಕೊಡಗಿನ ಭಾಗಮಂಡಲದ ಸುತ್ತ ಅದು ಐದು ಸಾವಿರ ದಾಟುತ್ತದೆ ಎಂದು ಮಕ್ಕಳಿಗೆ ಕಲಿಸಿದವನೂ ನಾನೇ. ಆದರೆ ಐದು ಸಾವಿರ ಎಂದರೆ ಕಾಲುಚೀಲ ಮೂರು ದಿನವಾದರೂ ಒಣಗುವುದಿಲ್ಲ ಎಂದು ಪಠ್ಯಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಎರಡನೆಯ ದಿನ ಜಗಳವಾಡದೆಯೇ ಕೊಠಡಿ ಬದಲಿಸಿಕೊಟ್ಟರು. ಅಡುಗೆಮನೆಗೆ ಅಂಟಿಕೊಂಡ ಪುಟ್ಟ ಕೋಣೆ. ಕಿಟಕಿ ತೆರೆದರೆ ಸೌದೆಯ ಕೊಟ್ಟಿಗೆ. ಒಲೆಯ ಕಾವಿಗೆ ಗೋಡೆಯೇ ಬೆಚ್ಚಗಿತ್ತು. ಹೆಂಡತಿಯ ಸೀರೆ ಒಂದೇ ರಾತ್ರಿಯಲ್ಲಿ ಒಣಗಿತು, ಅವಳ ಮುಖವೂ ಅರಳಿತು.

ಊಟದ ವಿಷಯದಲ್ಲಿ ನನಗೆ ಭಯವಿತ್ತು. ನಾವು ಮಾಂಸ ತಿನ್ನುವವರಲ್ಲ, ಕೊಡಗೆಂದರೆ ಪಂದಿ ಕರಿ, ಅಂದರೆ ಹಂದಿಮಾಂಸದ ಸಾರು. ಪಕ್ಕದ ಮೇಜಿನ ಬೆಂಗಳೂರಿನ ಹುಡುಗರು ಅಕ್ಕಿತರಿಯ ಉಂಡೆಯಾದ ಕಡಂಬುಟ್ಟಿನ ಜೊತೆ ಅದನ್ನೇ ಮೂರು ಹೊತ್ತೂ ತಿಂದರು. ನಮಗೆ ಅಕ್ಕಿ ರೊಟ್ಟಿ, ಶಾವಿಗೆಯಂಥ ನೂಪುಟ್ಟು, ಎಳೆ ಬಿದಿರಿನ ಬೈಂಬಳೆ ಕರಿ, ಮಳೆಗಾಲದ ಅಣಬೆ. ಆ ಎಳೆ ಬಿದಿರನ್ನು, ಅಂದರೆ ಕಣಿಲೆಯನ್ನು, ಸಣ್ಣಗೆ ಹೆಚ್ಚಿ, ನೀರು ಬದಲಿಸುತ್ತಾ ನೆನೆಹಾಕಿ ಕಹಿ ತೆಗೆಯಬೇಕಂತೆ. ಹುಳಿಗೆ ಕಾಚಂಪುಳಿ: ಡಾಂಬರಿನ ಹಾಗೆ ಕಪ್ಪು, ಅರ್ಧ ಚಮಚ ಹೆಚ್ಚಾದರೂ ಹಲ್ಲು ಜುಮ್ಮೆನ್ನುತ್ತದೆ. ಜೋಳದ ರೊಟ್ಟಿ ಇಲ್ಲದೆ ಮೂರು ದಿನ ಕಳೆದದ್ದು ನನ್ನ ಜೀವನದಲ್ಲೇ ಮೊದಲು, ಅದರ ನೆನಪೂ ಆಗಲಿಲ್ಲ.

ಆಗಸ್ಟ್ 3 ಕೊಡವರಿಗೆ ‘ಕಕ್ಕಡ ಪದಿನೆಟ್ಟ್’, ಅವರ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಕಾಡಂಚಿನಲ್ಲಿ ಬೆಳೆಯುವ ಮದ್ದುಸೊಪ್ಪಿಗೆ ಆ ದಿನ ಹದಿನೆಂಟು ಔಷಧಗಳ ಗುಣ ಬರುತ್ತದೆ ಎಂಬ ನಂಬಿಕೆ. ಮನೆಯ ಅಜ್ಜಿ ಸೊಪ್ಪನ್ನು ಬೇಯಿಸಿ ಸೋಸಿದಾಗ ಬಂದ ರಸ ನೇರಳೆ ಹಣ್ಣಿನ ಬಣ್ಣದ್ದು. ಅದಕ್ಕೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಸೇರಿಸಿ ಪಾಯಸ ಮಾಡಿದರು. ಸಕ್ಕರೆ ಕಾಯಿಲೆಯ ನೆಪ ಹೇಳಿದೆ. ‘ಇದು ಮದ್ದು ಮೇಷ್ಟ್ರೇ, ತಿನ್ನಿ’ ಎಂದರು. ಎರಡು ಬಟ್ಟಲು ತಿಂದೆ.

ಮರುದಿನ ಬೆಳಗಿನ ಐದು ಗಂಟೆಗೆ ಬಚ್ಚಲಿನಲ್ಲಿ ಟಾರ್ಚ್ ಬೆಳಕಿನಲ್ಲಿ ನೋಡಿದರೆ ಮೂತ್ರ ಕೆಂಪು. ಮೊಬೈಲಿಗೆ ಸಿಗ್ನಲ್ ಇಲ್ಲ, ಹೊರಗೆ ಜಡಿಮಳೆ, ಜೀಪಿನವನು ಇನ್ನೂ ಎದ್ದಿಲ್ಲ. ಮೂತ್ರಪಿಂಡ ಕೈಕೊಟ್ಟಿತೆಂದು ತೀರ್ಮಾನಿಸಿ, ಬ್ಯಾಂಕ್ ಪಾಸ್‌ಪುಸ್ತಕ ಎಲ್ಲಿದೆ ಎಂಬುದನ್ನು ಹೆಂಡತಿಗೆ ಹೇಳಿಯೂ ಬಿಟ್ಟೆ. ಅಡುಗೆಮನೆಯಲ್ಲಿ ವಿಷಯ ತಿಳಿದ ಅಜ್ಜಿ ಸೌಟು ಹಿಡಿದುಕೊಂಡೇ ನಕ್ಕರು. ಬಣ್ಣ ಬಂದರೆ ಮದ್ದು ಹಿಡಿಯಿತೆಂದು ಅರ್ಥವಂತೆ. ಸರಿ, ಆದರೆ ಬಡಿಸುವ ಮೊದಲು ಹೇಳಬೇಕಲ್ಲವೇ? ಐದು ಅಂಕ ಇಲ್ಲಿಯೇ ಹೋಯಿತು.

‘ಕೊಡಗಿನ ಜನರು ಕೊಡವರು’ ಎಂದು ಒಂದೇ ಸಾಲಿನಲ್ಲಿ ನಾನು ಮುಗಿಸುತ್ತಿದ್ದ ಪಾಠಕ್ಕೂ ಈ ಮನೆಯಲ್ಲಿ ತಿದ್ದುಪಡಿಯಾಯಿತು. ಯಜಮಾನರು ಕೊಡವರು, ಪರಿಚಯ ಹೇಳುವಾಗ ಮೊದಲು ಒಕ್ಕದ, ಅಂದರೆ ಮನೆತನದ, ಹೆಸರು, ಆಮೇಲೆ ತಮ್ಮದು. ಅಡುಗೆಗೆ ನೆರವಾಗುವ ಹೆಂಗಸು ಕನ್ನಡದ್ದೇ ಒಂದು ಬಗೆಯಾದ ಅರೆಭಾಷೆ ಆಡುವ ಗೌಡರವರು. ಜೀಪು ಓಡಿಸುವವನು ಮನೆಯಲ್ಲಿ ಮಲಯಾಳ ಮಾತನಾಡುತ್ತಾನೆ. ಗದ್ದೆಯಲ್ಲಿ ಪ್ಲಾಸ್ಟಿಕ್ ಹೊದ್ದು ನಾಟಿ ಮಾಡುತ್ತಿದ್ದವರು ಯರವ ಬುಡಕಟ್ಟಿನವರು. ಅವರ ಭಾಷೆಯೇ ಬೇರೆ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದವರು. ಇವರೆಲ್ಲರನ್ನೂ ಒಂದೇ ಸಾಲಿನಲ್ಲಿ ತುಂಬಿದ್ದ ನನಗೆ ನಾನೇ ಎಷ್ಟು ಅಂಕ ಕೊಟ್ಟುಕೊಳ್ಳಲಿ? 1956ರ ನವೆಂಬರ್ 1ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು ಎಂದು ಯಜಮಾನರು ನನಗೇ ಪಾಠ ಹೇಳಿದರು. ಗೊತ್ತಿದ್ದರೂ ಸುಮ್ಮನೆ ಕೇಳಿದೆ, ಕಾಫಿ ಚೆನ್ನಾಗಿತ್ತು.

ಮಳೆ ಒಂದು ಗಂಟೆ ಬಿಟ್ಟಾಗ ನಾಲ್ಕುನಾಡು ಅರಮನೆಗೆ ಹೋಗಿ ಬಂದೆವು. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಕಟ್ಟಿಸಿದ್ದು. ಅರಮನೆ ಎನ್ನುವುದಕ್ಕಿಂತ ದೊಡ್ಡ ಮನೆ ಎನ್ನಬಹುದು. ದಾರಿಯಲ್ಲಿ ಜಿಗಣೆಗಳು ನನ್ನನ್ನೇ ಆರಿಸಿಕೊಂಡವು. ಉಪ್ಪಿನ ಪೊಟ್ಟಣ ಮನೆಯವರೇ ಕೊಟ್ಟಿದ್ದರು.

ತಲೆಗೆ ದಿನಕ್ಕೆ 2,400 ರೂಪಾಯಿ, ಮೂರು ಹೊತ್ತಿನ ಊಟ ಸೇರಿ. ನೂರಕ್ಕೆ 74 ಕೊಟ್ಟಿದ್ದೇನೆ. ಬೆಟ್ಟ ನೋಡಬೇಕೆನ್ನುವವರು ಜನವರಿಯಲ್ಲಿ ಹೋಗಿ. ಆಗಸ್ಟಿನಲ್ಲೇ ಹೋಗುವುದಾದರೆ ಜೀಪಿನ ಬಾಡಿಗೆಯನ್ನು ಫೋನಿನಲ್ಲೇ ಮಾತನಾಡಿಕೊಳ್ಳಿ. ಮಹಡಿಯ ಕೊಠಡಿಯನ್ನು ಎಷ್ಟೇ ಹೊಗಳಿದರೂ ಒಲೆಯ ಪಕ್ಕದ ಕೋಣೆಯನ್ನೇ ಕೇಳಿ.