ಜರ್ಮನಿಯ ಸ್ವಯಂಸೇವಾ ವರ್ಷ: ಕೆಲಸಕ್ಕೆ ನಾಲ್ಕೂವರೆ ನಕ್ಷತ್ರ, ಸಂಜೆಗಳಿಗೆ ಎರಡು

ಮಂಗಳೂರು, ಉಡುಪಿ ಕಡೆಯ ಹುಡುಗ ಹುಡುಗಿಯರು ಈ ವರ್ಷದ ಬಗ್ಗೆ ನನ್ನನ್ನು ಕೇಳುವುದು ಎರಡೇ ಪ್ರಶ್ನೆ: ಹಣ ಎಷ್ಟು ಸಿಗುತ್ತದೆ, ಮುಗಿದ ಮೇಲೆ ಅಲ್ಲೇ ಉಳಿಯಬಹುದೇ? ಎರಡಕ್ಕೂ ಉತ್ತರ ಕೆಳಗಿದೆ. ಆದರೆ 2024ರ ಸೆಪ್ಟೆಂಬರಿನಿಂದ 2025ರ ಆಗಸ್ಟ್‌ವರೆಗೆ ಸ್ಟುಟ್‌ಗಾರ್ಟ್‌ನಲ್ಲಿ ಪ್ರೊಟೆಸ್ಟೆಂಟ್ ಸಭೆಗೆ ಸೇರಿದ ವೃದ್ಧಾಶ್ರಮವೊಂದರಲ್ಲಿ ದುಡಿದು ಬಂದ ನಾನು ಹೇಳುವುದಾದರೆ, ಕೇಳಬೇಕಾದದ್ದು ಮೂರನೆಯ ಪ್ರಶ್ನೆ. ಪಾಳಿ ಮುಗಿದ ಮೇಲೆ ಎಲ್ಲಿಗೆ ಹೋಗುತ್ತೀರಿ?

ಮೊದಲು ಈ ಯೋಜನೆ ಏನೆಂದು ನೋಡೋಣ. ಬುಂಡೆಸ್‌ಫ್ರೈವಿಲಿಗೆನ್‌ಡೀನ್ಸ್ಟ್ ಎಂಬುದು ಇದರ ಸರ್ಕಾರಿ ಹೆಸರು. ಅಷ್ಟನ್ನು ಯಾರೂ ಉಚ್ಚರಿಸುವುದಿಲ್ಲ. ಇದರಲ್ಲಿ ದುಡಿಯುವವರನ್ನು ಎಲ್ಲರೂ ಬುಫ್ಡಿ ಎನ್ನುತ್ತಾರೆ. 2011ರಲ್ಲಿ ಜರ್ಮನಿ ಕಡ್ಡಾಯ ಸೈನ್ಯಸೇವೆಯನ್ನು ಅಮಾನತಿನಲ್ಲಿಟ್ಟಾಗ, ಬಂದೂಕು ಹಿಡಿಯಲೊಲ್ಲದ ಹುಡುಗರು ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ಮಾಡುತ್ತಿದ್ದ ಬದಲಿ ಸೇವೆಯೂ ನಿಂತುಹೋಯಿತು. ಆ ತೆರವಾದ ಜಾಗಕ್ಕೆ ಬಂದ ಯೋಜನೆ ಇದು. ಕಾನೂನು ಸರ್ಕಾರದ್ದಾದರೂ ಕೆಲಸದ ಜಾಗಗಳಲ್ಲಿ ದೊಡ್ಡ ಪಾಲು ಚರ್ಚುಗಳ ಸೇವಾಸಂಸ್ಥೆಗಳದ್ದು: ಪ್ರೊಟೆಸ್ಟೆಂಟರ ಡಿಯಾಕೊನಿ, ಕ್ಯಾಥೊಲಿಕರ ಕಾರಿತಾಸ್. ಒಂದು ವರ್ಷವನ್ನು ಸೇವೆಗೆ ಕೊಡುವ ಕಲ್ಪನೆಯ ಬೇರೂ ಚರ್ಚಿನಲ್ಲೇ ಇದೆ. 1954ರಲ್ಲಿ ಬವೇರಿಯಾದ ನಾಯೆನ್‌ಡೆಟ್ಟೆಲ್ಸಾವ್ ಎಂಬಲ್ಲಿನ ಸೇವಾಸಂಸ್ಥೆಯ ಮುಖ್ಯಸ್ಥರಾಗಿದ್ದ ಹರ್ಮನ್ ಡೀಟ್ಸ್‌ಫೆಲ್ಬಿಂಗರ್ ಯುವತಿಯರಿಗೆ ಇಂಥದೊಂದು ಕರೆ ಕೊಟ್ಟರು. ಹತ್ತು ವರ್ಷಗಳ ಬಳಿಕ ಅದು ಕಾನೂನಾಯಿತು.

ಕರಾವಳಿಯ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚುಗಳವರಿಗೆ ಸ್ಟುಟ್‌ಗಾರ್ಟ್ ಪೂರ್ತಿ ಪರಕೀಯವಲ್ಲ. ಆ ಚರ್ಚುಗಳಿಗೆ ಮೂಲವಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಸ್ಟುಟ್‌ಗಾರ್ಟ್ ಸುತ್ತಲಿನ ಇದೇ ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್‌ನಲ್ಲಿ ಹುಟ್ಟಿದವರು, ಪಕ್ಕದ ಎಸ್ಲಿಂಗೆನ್‌ನಲ್ಲಿ ತೀರಿಕೊಂಡವರು. ನಿಘಂಟಿನ ಕಿಟ್ಟೆಲ್ ಕೊನೆಗಾಲ ಕಳೆದ ಟ್ಯೂಬಿಂಗೆನ್ ಕೂಡ ರೈಲಿನಲ್ಲಿ ಒಂದು ಗಂಟೆಯ ದಾರಿ. ಇದನ್ನೆಲ್ಲ ನಾನು ಸಹೋದ್ಯೋಗಿಗಳಿಗೆ ಉತ್ಸಾಹದಿಂದ ಹೇಳಿದೆ. ಮಂಗಳೂರು ಮುಂಬೈ ಹತ್ತಿರವೇ ಎಂದು ಕೇಳಿ ಅವರು ಕಾಫಿ ಕುಡಿಯಲು ಹೋದರು.

ಹಣದ ವಿಷಯ. ಸಿಗುವುದು ಸಂಬಳವಲ್ಲ, ಜೇಬುಖರ್ಚು. ಕಾನೂನು ಅದಕ್ಕೊಂದು ಮೇಲ್ಮಿತಿ ಹಾಕಿದೆ: 2024ರಲ್ಲಿ ತಿಂಗಳಿಗೆ 604 ಯೂರೋ, 2025ರಲ್ಲಿ 644. ಏಜೆಂಟರ ಜಾಹೀರಾತುಗಳಲ್ಲಿ ಕಾಣುವುದು ಈ ಮೇಲ್ಮಿತಿ. ಕೈಗೆ ಬರುವುದು ಸಂಸ್ಥೆ ನಿಗದಿ ಮಾಡಿದಷ್ಟು. ನನಗೆ ಬಂದದ್ದು ಇದಕ್ಕಿಂತ ಸಾಕಷ್ಟು ಕಡಿಮೆ. ಆರೋಗ್ಯ ವಿಮೆ, ಪಿಂಚಣಿ ವಂತಿಗೆಗಳನ್ನು ಸಂಸ್ಥೆಯೇ ಕಟ್ಟುತ್ತದೆ, ಅದು ಸಣ್ಣ ಮೊತ್ತವಲ್ಲ. ಕೋಣೆ ಮತ್ತು ಕೆಲಸದ ದಿನದ ಊಟ ನನ್ನ ಒಪ್ಪಂದದಲ್ಲಿ ಸೇರಿದ್ದವು. ಹಾಗಿಲ್ಲದ ಒಪ್ಪಂದಕ್ಕೆ ಸಹಿ ಹಾಕಬೇಡಿ ಎಂದು ಸ್ಪಷ್ಟವಾಗಿಯೇ ಹೇಳುತ್ತೇನೆ, ಏಕೆಂದರೆ ಸ್ಟುಟ್‌ಗಾರ್ಟ್‌ನಲ್ಲಿ ಒಂದು ಕೋಣೆಯ ಬಾಡಿಗೆಯೇ ಈ ಜೇಬುಖರ್ಚನ್ನು ನುಂಗಿ ನೀರು ಕುಡಿಯುತ್ತದೆ. ದೇಶವಿಡೀ ಲೋಕಲ್ ರೈಲು, ಬಸ್ಸು, ಟ್ರಾಮುಗಳಲ್ಲಿ ಓಡಾಡಲು ಸಿಗುವ ಡಾಯ್ಚ್‌ಲಾಂಡ್ ಟಿಕೆಟ್ ನಾನು ಬಂದಾಗ 49 ಯೂರೋ ಇತ್ತು, ಜನವರಿಯಲ್ಲಿ 58 ಆಯಿತು. ಸಂಬಳದವರಿಗೆ ಒಂಬತ್ತು ಯೂರೋ ಲೆಕ್ಕಕ್ಕಿಲ್ಲ. ಬುಫ್ಡಿಗೆ ಅದು ಅಕ್ಕಿ, ತೊಗರಿಬೇಳೆ ಮತ್ತು ಒಂದು ತೆಂಗಿನಕಾಯಿ.

ಇನ್ನು ಕೆಲಸ. ನಾಲ್ಕೂವರೆ ನಕ್ಷತ್ರ ಸುಮ್ಮನೆ ಕೊಟ್ಟದ್ದಲ್ಲ. ಬೆಳಗಿನ ಪಾಳಿ ಆರೂವರೆಗೆ ಆರಂಭ. ಔಷಧ ಕೊಡುವುದು, ಚುಚ್ಚುಮದ್ದು, ಗಾಯದ ಪಟ್ಟಿ ಇವೆಲ್ಲ ತರಬೇತಾದವರ ಕೆಲಸ, ನಮ್ಮನ್ನು ಹತ್ತಿರ ಬಿಡುವುದಿಲ್ಲ. ನಮ್ಮದು ಉಳಿದದ್ದೆಲ್ಲ: ಹಾಸಿಗೆ ಸರಿಪಡಿಸುವುದು, ಬ್ರೆಡ್ಡಿಗೆ ಬೆಣ್ಣೆ ಸವರಿ ಅಂಚು ಕತ್ತರಿಸುವುದು, ನುಂಗಲು ಕಷ್ಟವಾದವರ ನೀರಿಗೆ ಪುಡಿ ಬೆರೆಸಿ ಗಟ್ಟಿಮಾಡುವುದು, ಯಾರು ಎಷ್ಟು ಕುಡಿದರೆಂದು ಹಾಳೆಯಲ್ಲಿ ಬರೆಯುವುದು. ಆ ಹಾಳೆ ನನಗೆ ಮೊದಲು ಹಾಸ್ಯಾಸ್ಪದವೆನಿಸಿತ್ತು. ಬೇಸಿಗೆಯಲ್ಲಿ ಒಬ್ಬರು ಇದ್ದಕ್ಕಿದ್ದಂತೆ ಗೊಂದಲಕ್ಕೀಡಾಗಿ ಮಗಳನ್ನೇ ಗುರುತಿಸದಾದಾಗ, ದಾದಿ ಮೊದಲು ಕೈಗೆತ್ತಿಕೊಂಡದ್ದು ಅದನ್ನೇ. ಎರಡು ದಿನದಿಂದ ಅವರು ನೀರು ಕುಡಿದದ್ದು ತೀರಾ ಕಡಿಮೆ ಎಂದು ನನ್ನದೇ ಅಕ್ಷರಗಳು ಹೇಳುತ್ತಿದ್ದವು.

ಮಧ್ಯಾಹ್ನ ಮೂರಕ್ಕೆ ಕಾಫಿ ಮತ್ತು ಕೇಕು. ಈ ಹೊತ್ತಿನಲ್ಲಿ ನನ್ನ ಜರ್ಮನ್ ಬೆಳೆದಷ್ಟು ಯಾವ ತರಗತಿಯಲ್ಲೂ ಬೆಳೆಯಲಿಲ್ಲ. ಬೆಂಗಳೂರಿನಲ್ಲಿ ಮಧ್ಯಮ ಹಂತದ ಬಿ1 ಭಾಷಾ ಪರೀಕ್ಷೆ ಪಾಸಾಗಿ ಹೋಗಿದ್ದೆ. ಆ ಸೀಮೆಯ ಶ್ವಾಬಿಷ್ ಉಪಭಾಷೆಯ ಮುಂದೆ ಆ ಪ್ರಮಾಣಪತ್ರ ಒಂದು ವಾರವೂ ಬಾಳಲಿಲ್ಲ. ಮರೆವಿನ ಕಾಯಿಲೆಯವರ ಜೊತೆ ಮಾತು ಕಲಿಯುವುದರಲ್ಲಿ ಒಂದು ಅನುಕೂಲವಿದೆ: ಅದೇ ಕಥೆ, ಅದೇ ವಾಕ್ಯಗಳಲ್ಲಿ, ದಿನವೂ. ಯುದ್ಧ ಮುಗಿದ ಮೇಲೆ ಪೂರ್ವದಿಂದ ಗಂಟುಮೂಟೆ ಕಟ್ಟಿಕೊಂಡು ಬಂದ ಒಬ್ಬ ಅಜ್ಜಿಯ ಕಥೆ ಬಾಯಿಪಾಠವಾಗಿ, ಕೊನೆಗೆ ಅವರು ಮರೆತ ಕಡೆ ನಾನೇ ಮುಂದುವರಿಸುತ್ತಿದ್ದೆ. ಅವರಿಗೆ ಅದು ತೀರಾ ಸಹಜವೆನಿಸುತ್ತಿತ್ತು.

ಅರ್ಧ ನಕ್ಷತ್ರ ಕಳೆದದ್ದಕ್ಕೆ ಕಾರಣ ಇಷ್ಟು. ಬುಫ್ಡಿ ಸಂಬಳದ ನೌಕರನ ಜಾಗ ತುಂಬುವಂತಿಲ್ಲ ಎಂದು ಕಾನೂನು ಹೇಳುತ್ತದೆ. ಜ್ವರದ ಕಾಲದಲ್ಲಿ ಇಬ್ಬರು ರಜೆ ಹಾಕಿದ ದಿನ ನಮ್ಮ ಮಹಡಿಯಲ್ಲಿ ಈ ಕಾನೂನು ಯಾರಿಗೂ ನೆನಪಿರುತ್ತಿರಲಿಲ್ಲ.

ಧಾರ್ಮಿಕ ಸಂಸ್ಥೆ ಎಂದಮೇಲೆ ದಿನವಿಡೀ ಪ್ರಾರ್ಥನೆ ಇರುತ್ತದೆಯೇ ಎಂದು ಅಮ್ಮ ಆಸೆಯಿಂದ ಕೇಳುತ್ತಿದ್ದರು, ಸ್ನೇಹಿತರು ಭಯದಿಂದ ಕೇಳುತ್ತಿದ್ದರು. ಇಲ್ಲ. ನನ್ನ ಒಪ್ಪಂದದಲ್ಲಿ ನಂಬಿಕೆಯ ಷರತ್ತು ಇರಲಿಲ್ಲ. ನಮ್ಮ ಮನೆಯಲ್ಲಿದ್ದ ಇಂಡೋನೇಷ್ಯಾದ ಸ್ವಯಂಸೇವಕ ರಂಜಾನ್ ಉಪವಾಸವಿದ್ದುಕೊಂಡೇ ಕೇಕು ಬಡಿಸಿದ. ಇದ್ದದ್ದು ಬೆಳಗಿನ ಪಾಳಿಯವರು ಕುಳಿತಾಗ ಓದುವ ದಿನದ ವಚನ. ಹೆರ್ನ್‌ಹೂಟ್‌ನ ಮೊರೇವಿಯನ್ ಎಂಬ ಪ್ರೊಟೆಸ್ಟೆಂಟ್ ಸಭೆ 1731ರಿಂದ ಅಚ್ಚುಹಾಕಿಸುತ್ತ ಬಂದಿರುವ ಪುಟ್ಟ ಪುಸ್ತಕದ್ದು. ಹಳೆಯ ಒಡಂಬಡಿಕೆಯ ಒಂದು ವಾಕ್ಯವನ್ನು ಚೀಟಿ ಎತ್ತಿ ಆರಿಸುತ್ತಾರೆ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಾಕ್ಯವನ್ನು ಜೋಡಿಸುತ್ತಾರೆ. ಓದಿದೊಡನೆ ಯಾರ ಡಯಾಪರ್ ಮೊದಲು ಬದಲಿಸಬೇಕೆಂಬ ಚರ್ಚೆ. ಈ ಜೋಡಣೆ ನನಗೆ ಇಷ್ಟವಾಯಿತು. ಯಾರಾದರೂ ತೀರಿಕೊಂಡರೆ ಬಾಗಿಲ ಬಳಿ ಹೆಸರಿನೊಂದಿಗೆ ಮೇಣದಬತ್ತಿ ಹಚ್ಚುತ್ತಿದ್ದರು, ಹಾಸಿಗೆಯ ಸುತ್ತ ನಿಂತು ಬೀಳ್ಕೊಡುವ ಪ್ರಾರ್ಥನೆ ಹೇಳುತ್ತಿದ್ದರು. ಆ ಕೋಣೆಯನ್ನು ಗುಡಿಸುತ್ತಿದ್ದ ಹೆಂಗಸನ್ನೂ ಕರೆಯುತ್ತಿದ್ದರು, ಬುಫ್ಡಿಯನ್ನೂ ಕರೆಯುತ್ತಿದ್ದರು. ಭಾನುವಾರದ ಆರಾಧನೆಗಳಲ್ಲಿ ಮಾತ್ರ ನಮ್ಮೂರಿನ ಜನಸಂದಣಿಯನ್ನು ನಿರೀಕ್ಷಿಸಬೇಡಿ. ನಾವು ಕನ್ನಡದಲ್ಲಿ ಹಾಡುವ ರಾಗಗಳೇ ಅಲ್ಲಿ ಆರ್ಗನ್ನಿನಲ್ಲಿ ಕೇಳುತ್ತವೆ, ಹಾಡುವ ಗಂಟಲುಗಳು ಬೆರಳೆಣಿಕೆ.

ಈಗ ಆ ಎರಡು ನಕ್ಷತ್ರ. ಡಿಸೆಂಬರಿನಲ್ಲಿ ಸ್ಟುಟ್‌ಗಾರ್ಟ್‌ಗೆ ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ. ಎರಡೂವರೆಗೆ ಪಾಳಿ ಮುಗಿಸಿ ಕೋಣೆಗೆ ಬಂದು ಸ್ವಲ್ಪ ಮಲಗಿ ಎದ್ದರೆ ದಿನ ಮುಗಿದಿರುತ್ತದೆ. ಹೋಟೆಲಿಗೆ, ಸಿನಿಮಾಗೆ ಹಣವಿಲ್ಲ. ಭಾನುವಾರ ಅಂಗಡಿಗಳೆಲ್ಲ ಬಂದ್. ನೆರೆಯವರು ಕೆಟ್ಟವರಲ್ಲ, ಆದರೆ ಅವರೊಂದಿಗಿನ ಮುಖ್ಯ ಸಂಬಂಧ ಬಾಗಿಲಿಗೆ ನೇತುಹಾಕುವ ಕೆಹರ್‌ವೋಖೆ ಫಲಕದ ಮೂಲಕ: ಈ ವಾರ ಮೆಟ್ಟಿಲು ಗುಡಿಸುವ ಸರದಿ ನಿಮ್ಮದು. ನಾವು ನಾಲ್ವರು ಸ್ವಯಂಸೇವಕರು ಒಂದೇ ಮನೆಯಲ್ಲಿದ್ದರೂ ಪಾಳಿಗಳು ಬೇರೆಬೇರೆ. ಸಾಸಿವೆ ಒಗ್ಗರಣೆಗೆ ಹೊಗೆ ಅಲಾರಂ ಕೂಗಿದಾಗ ಮಾತ್ರ ಎಲ್ಲರೂ ಅಡುಗೆಮನೆಯಲ್ಲಿ ಒಟ್ಟಿಗೆ ಸೇರುತ್ತಿದ್ದೆವು. ಬಾಷ್, ಮರ್ಸಿಡಿಸ್ ಕಾರಣದಿಂದ ಆ ಊರಿನಲ್ಲಿ ಕನ್ನಡಿಗರಿಗೆ ಬರವಿಲ್ಲ. ಕರೆದು ಬಿಸಿಬೇಳೆ ಬಾತ್ ಬಡಿಸುವ ದೊಡ್ಡ ಮನಸ್ಸಿನವರು. ಆದರೆ ಮೊದಲ ಪ್ರಶ್ನೆ ಯಾವಾಗಲೂ ‘ಯಾವ ಕಂಪನಿ?’ ಎಂಬುದೇ. ವೃದ್ಧಾಶ್ರಮ ಎಂದಾಗ ಒಂದು ಕ್ಷಣದ ಮೌನ, ಬಳಿಕ ‘ಮುಂದೆ ಏನು ಮಾಡುತ್ತೀರಿ?’

ಯೋಜನೆಯ ದೋಷ ಇಲ್ಲಿಯೇ ಇದೆ. ಕೆಲಸದ ಸಮಯಕ್ಕೆ ಮೇಲ್ವಿಚಾರಕರು, ನಿಯಮ, ದೂರು ಹೇಳಿಕೊಳ್ಳಲು ಒಬ್ಬ ವ್ಯಕ್ತಿ, ಎಲ್ಲ ಇವೆ. ಸಂಜೆಯನ್ನು ಪೂರ್ತಿ ನಿಮ್ಮ ಪಾಲಿಗೆ ಬಿಟ್ಟಿದ್ದಾರೆ. ಇಪ್ಪತ್ತೇಳರೊಳಗಿನವರಿಗೆ ವರ್ಷಕ್ಕೆ 25 ದಿನಗಳ ಸೆಮಿನಾರು ಕಡ್ಡಾಯ. ಆ ವಾರಗಳಲ್ಲಿ ಗೆಳೆತನ ಚಿಗುರುತ್ತದೆ, ನಂತರ ಎಲ್ಲರೂ ಬೇರೆಬೇರೆ ಊರುಗಳಿಗೆ ಹಿಂತಿರುಗುತ್ತಾರೆ.

ಹಾಗಾಗಿ ಸಂಜೆಗೆ ಕೆಲವು ಜಾಗಗಳನ್ನು ಹೇಳುತ್ತೇನೆ. ಮೈಲೆಂಡರ್ ಚೌಕದ ನಗರ ಗ್ರಂಥಾಲಯ, ಕೊರಿಯಾದ ವಾಸ್ತುಶಿಲ್ಪಿ ಕಟ್ಟಿದ ಬಿಳಿಯ ದೊಡ್ಡ ಘನ, ರಾತ್ರಿ ಒಂಬತ್ತರವರೆಗೆ ಬೆಚ್ಚಗೆ ತೆರೆದಿರುತ್ತದೆ, ಒಳಗೆ ಕೂರಲು ಹಣ ಬೇಡ. ಬೇಸಿಗೆಯಲ್ಲಿ ಸ್ಟೆಫೆಲೆಗಳು: ಈ ಊರು ಬಟ್ಟಲಿನಂಥ ಕಣಿವೆಯಲ್ಲಿರುವುದರಿಂದ ಹಿಂದೆ ದ್ರಾಕ್ಷಿತೋಟಗಳಿಗೆ ಹತ್ತಲು ಕಟ್ಟಿದ ಮೆಟ್ಟಿಲ ಸಾಲುಗಳು ನಾನೂರಕ್ಕೂ ಹೆಚ್ಚು ಉಳಿದಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಲಿಯೋನ್‌ಹಾರ್ಡ್ ಚರ್ಚಿನ ವೆಸ್ಪರ್‌ಕಿರ್ಖೆ. 1995ರಲ್ಲಿ ಮಾರ್ಟಿನ್ ಫ್ರಿಟ್ಸ್ ಎಂಬ ಪಾದ್ರಿ ಶುರುಮಾಡಿದ್ದು. ಜನವರಿಯಿಂದ ಏಳು ವಾರ ಆ ಚರ್ಚು ಊಟದ ಮನೆಯಾಗುತ್ತದೆ; ಮನೆಯಿಲ್ಲದವರು, ಬಡ ಪಿಂಚಣಿದಾರರು, ಸುಮ್ಮನೆ ಒಂಟಿಯಾದವರು ಬೆಂಚುಗಳ ನಡುವೆ ಕುಳಿತು ಬಿಸಿ ಊಟ ಮಾಡುತ್ತಾರೆ. ರಜೆಯ ದಿನಗಳಲ್ಲಿ ನಾನು ಅಲ್ಲಿ ತಟ್ಟೆ ಒಯ್ಯಲು ಹೋಗುತ್ತಿದ್ದೆ. ಸೇವೆ ಮಾಡುವ ಹಂಬಲವೇನೂ ಮಿಕ್ಕಿರಲಿಲ್ಲ. ಎದುರಿಗೆ ಕುಳಿತು ಊಟ ಮಾಡುವವರು ಬೇಕಾಗಿದ್ದರು. ಆ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆದ, ಕೆಲಸಕ್ಕೆ ಸಂಬಂಧಿಸದ ಮೊದಲ ಜನ ಸಿಕ್ಕಿದ್ದು ಅಲ್ಲೇ.

ಉಳಿಯುವ ಪ್ರಶ್ನೆ. ಈ ವರ್ಷದಿಂದ ತಾನಾಗಿ ಯಾವ ಹಕ್ಕೂ ಬರುವುದಿಲ್ಲ. ಆದರೆ ಮೂರು ವರ್ಷದ ನರ್ಸಿಂಗ್ ತರಬೇತಿಗೆ ಸೇರಲು ಇದು ಒಳ್ಳೆಯ ಮೆಟ್ಟಿಲು. ಸಾರ್ವಜನಿಕ ವಲಯದ ವೇತನ ಒಪ್ಪಂದದಲ್ಲಿ ತರಬೇತಿಯ ತಿಂಗಳ ಸಂಬಳ ಮೊದಲ ವರ್ಷದಲ್ಲೇ 1,300 ಯೂರೋ ದಾಟುತ್ತದೆ. ಭಾಷೆಯಲ್ಲಿ ಬಿ1ರ ಮುಂದಿನ ಹಂತವಾದ ಬಿ2 ಕೇಳುವವರು ಬಹಳ. ನಮ್ಮ ಮನೆಯ ಇಬ್ಬರು ಸೇರಿದರು, ನಾನು ಊರಿಗೆ ಮರಳಿದೆ. ಮೂರು ವರ್ಷ ಅಂಥ ಸಂಜೆಗಳು ನನಗೆ ಬೇಡವಾಗಿದ್ದವು.

ಏಜೆಂಟರಿಗೆ ಲಕ್ಷಗಟ್ಟಲೆ ಸುರಿಯಬೇಡಿ. ಸಂಸ್ಥೆಗಳಿಗೆ ನೇರವಾಗಿ ಬರೆಯಬಹುದು, ಸಿ.ಎಸ್.ಐ. ಸಭೆಯವರಿಗೆ ಧರ್ಮಪ್ರಾಂತದ ಮೂಲಕವೂ ದಾರಿಯಿದೆ. ಹೆಚ್ಚಿನವು ಸೆಪ್ಟೆಂಬರ್ ಹೊತ್ತಿಗೆ ಆರಂಭವಾಗುವುದರಿಂದ, ವೀಸಾದ ಸಮಯವನ್ನೂ ಸೇರಿಸಿ ಹಿಂದಿನ ಚಳಿಗಾಲದಲ್ಲೇ ಅರ್ಜಿ ಹಾಕಿ. ಸಂದರ್ಶನದ ಕೊನೆಯಲ್ಲಿ ನಿಮಗೇನಾದರೂ ಕೇಳುವುದಿದೆಯೇ ಎನ್ನುತ್ತಾರೆ. ಕೋಣೆ ಮತ್ತು ಊಟ ಬರವಣಿಗೆಯಲ್ಲಿ ಇವೆಯೇ, ಕೋಣೆಯಿಂದ ಪೇಟೆಗೆ ಕೊನೆಯ ಟ್ರಾಮು ಎಷ್ಟು ಹೊತ್ತಿಗೆ, ಮನೆಯಲ್ಲಿ ಬೇರೆ ಸ್ವಯಂಸೇವಕರು ಎಷ್ಟು ಜನ, ಅವರಲ್ಲಿ ಒಬ್ಬರಾದರೂ ನಿಮ್ಮ ಪಾಳಿಯಲ್ಲೇ ಇರುತ್ತಾರೆಯೇ ಎಂದು ಕೇಳಿ. ಹಿಂದಿನ ವರ್ಷದ ಬುಫ್ಡಿಯ ಫೋನ್ ನಂಬರನ್ನೂ ಕೇಳಿ. ಕೊಡಲು ಹಿಂಜರಿದರೆ ಬೇರೆ ಊರು ನೋಡಿಕೊಳ್ಳಿ.